ಕನ್ಸೋಲ್ ಬಿಸಿಯಾಗದಿರಲಿ, ಸೇವ್ ಕಳೆಯದಿರಲಿ

ಹೊಸ ಗೇಮ್ ಕನ್ಸೋಲ್ ಮನೆಗೆ ಬಂದ ದಿನ ಟಿವಿಗೆ ಜೋಡಿಸಿ ಆಟ ಶುರು ಮಾಡುವ ಅವಸರವೇ ಹೆಚ್ಚು. ಆ ಅವಸರದಲ್ಲಿ ಬಿಟ್ಟುಹೋದ ಸಣ್ಣಪುಟ್ಟ ಕೆಲಸಗಳು ಮುಂದೆ ಫ್ಯಾನಿನ ಗದ್ದಲವಾಗಿ, ತುಂಬಿಹೋದ ಸ್ಟೋರೇಜ್ ಆಗಿ, ಮಾಯವಾದ ಸೇವ್ ಫೈಲ್ (ಆಟ ಎಲ್ಲಿಯವರೆಗೆ ಬಂದಿದೆ ಎಂಬ ದಾಖಲೆ) ಆಗಿ ಎದುರು ಬರುತ್ತವೆ. ಯಂತ್ರ ಕೆಟ್ಟರೆ ರಿಪೇರಿ ಮಾಡಿಸಬಹುದು, ಗೇಮನ್ನು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ತಿಂಗಳುಗಟ್ಟಲೆ ಆಡಿ ಮುಟ್ಟಿದ ಹಂತದ ಸೇವ್ ಹೋದರೆ ಮಾತ್ರ ಮೊದಲಿನಿಂದ ಆಡಬೇಕಾಗುತ್ತದೆ. ಅದಕ್ಕೇ ಇಲ್ಲಿ ಆ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಜಾಗ ನೋಡಿ

ಟಿವಿ ಸ್ಟ್ಯಾಂಡಿನ ಬಾಗಿಲು ಮುಚ್ಚಿದ ಖಾನೆ ನೋಡಲು ಅಚ್ಚುಕಟ್ಟು, ಕನ್ಸೋಲ್‌ಗೆ ಮಾತ್ರ ಉಸಿರುಗಟ್ಟುವ ಜಾಗ. ಹೊರಹಾಕಿದ ಬಿಸಿ ಗಾಳಿಯನ್ನೇ ಅದು ಮತ್ತೆ ಒಳಗೆಳೆದುಕೊಳ್ಳುತ್ತದೆ. ಸುತ್ತಲೂ ಕನಿಷ್ಠ 10 ಸೆಂ.ಮೀ. ಬಿಡಿ, 15 ಬಿಟ್ಟರೆ ಇನ್ನೂ ಒಳ್ಳೆಯದು. ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5) ಹಿಂಬದಿಯಿಂದ ಬಿಸಿ ಗಾಳಿ ಬಿಡುತ್ತದೆ, ಹಾಗಾಗಿ ಗೋಡೆಗೆ ಒತ್ತಿ ಇಡಬೇಡಿ. ನಿಲ್ಲಿಸಿಟ್ಟ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಗಾಳಿಕಿಂಡಿ ನೆತ್ತಿಯ ಮೇಲಿದೆ, ಅದರ ಮೇಲೆ ಏನನ್ನೂ ಇಡಬೇಡಿ. ದಪ್ಪ ಕಾರ್ಪೆಟ್, ಹಾಸಿಗೆ ಎರಡೂ ಬೇಡ.

ಟಿವಿಗೆ ಜೋಡಿಸುವಾಗ

ಪೆಟ್ಟಿಗೆಯಲ್ಲೇ ಬಂದ ಎಚ್‌ಡಿಎಂಐ ಕೇಬಲ್ ಸಾಕು. 120 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 120 ಬಾರಿ ಬದಲಾಗುವ) 4ಕೆ, ಅಂದರೆ ಅತಿ ಸ್ಪಷ್ಟ ಚಿತ್ರ ಬೇಕಿದ್ದರೆ ಟಿವಿಯಲ್ಲಿ ಎಚ್‌ಡಿಎಂಐ 2.1 ಪೋರ್ಟ್ ಇರಬೇಕು. ಅನೇಕ ಟಿವಿಗಳಲ್ಲಿ ಎಲ್ಲ ಪೋರ್ಟ್‌ಗಳೂ ಅಂಥವಲ್ಲ, ಪಕ್ಕದಲ್ಲಿ ಬರೆದಿರುವುದನ್ನು ಓದಿ ಜೋಡಿಸಿ. ಮೊದಲ ನಿಂಟೆಂಡೊ ಸ್ವಿಚ್ ಟಿವಿಗೆ ಕಳಿಸುವುದೇ ಹೆಚ್ಚೆಂದರೆ 1080ಪಿ, ಅಂದರೆ 4ಕೆಗಿಂತ ಕಡಿಮೆ ಸ್ಪಷ್ಟತೆಯ ಚಿತ್ರ. ಅದಕ್ಕೆ ದುಬಾರಿ ಕೇಬಲ್ ಕೊಳ್ಳುವುದು ದುಡ್ಡು ದಂಡ.

ಟಿವಿಯ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹಾಕುವುದನ್ನು ಮರೆಯಬೇಡಿ. ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ತೋರಿಸಲು ಹೋಗಿ ತಡ ಮಾಡುತ್ತದೆ. ಬಟನ್ ಒತ್ತಿದ್ದಕ್ಕೂ ಪರದೆಯ ಮೇಲೆ ಪಾತ್ರ ನೆಗೆದದ್ದಕ್ಕೂ ನಡುವೆ ಬರುವ ಅಂತರ ಬಹುಮಟ್ಟಿಗೆ ಈ ತಡದ್ದು. ಗೇಮ್ ಮೋಡ್ ಆ ತಿದ್ದುವಿಕೆಯನ್ನು ಕಡಿಮೆ ಮಾಡುತ್ತದೆ. ಕಂಟ್ರೋಲರ್ ಸರಿಯಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಇಷ್ಟರಿಂದಲೇ ಬಗೆಹರಿಯುತ್ತವೆ.

ಸ್ಟೋರೇಜ್ ಲೆಕ್ಕ

2020ರಲ್ಲಿ ಬಂದ ಪಿಎಸ್5ರಲ್ಲಿ 825 ಜಿಬಿ ಎಂದಿದ್ದರೂ ನಮ್ಮ ಕೈಗೆ ಸಿಗುವುದು ಸುಮಾರು 667 ಜಿಬಿ. ಒಂದೊಂದು ದೊಡ್ಡ ಗೇಮ್ 100 ಜಿಬಿ ದಾಟುವಾಗ ಅದು ತುಂಬಲು ಹೆಚ್ಚು ದಿನ ಬೇಡ. ಹಳೆಯ ಯುಎಸ್‌ಬಿ ಹಾರ್ಡ್‌ಡಿಸ್ಕ್ ಇದ್ದರೆ ಪಿಎಸ್4 ಗೇಮ್‌ಗಳನ್ನು ಅದರಿಂದಲೇ ಆಡಬಹುದು. ಪಿಎಸ್5 ಗೇಮ್‌ಗಳನ್ನು ಅದರಲ್ಲಿ ಇಟ್ಟುಕೊಳ್ಳಬಹುದೇ ಹೊರತು ಆಡಲಾಗದು. ಆಡುವ ಮುನ್ನ ಕನ್ಸೋಲ್‌ಗೆ ವರ್ಗಾಯಿಸಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್‌ಗಾಗಿಯೇ ರೂಪಿಸಿದ ಗೇಮ್‌ಗಳದ್ದೂ ಇದೇ ಕತೆ. ಹಾಗಿದ್ದರೂ ಮತ್ತೆ ಡೌನ್‌ಲೋಡ್ ಮಾಡುವುದಕ್ಕಿಂತ ಈ ವರ್ಗಾವಣೆಯೇ ಬೇಗ ಮುಗಿಯುತ್ತದೆ.

ಒಳಗೇ ಜಾಗ ಹೆಚ್ಚಿಸಬೇಕೆಂದರೆ ಪಿಎಸ್5ಗೆ ಜೆನ್ 4 ದರ್ಜೆಯ ಎಂ.2 ಎಸ್‌ಎಸ್‌ಡಿ (ಒಳಗೆ ಕೂರಿಸುವ ವೇಗದ ಸ್ಟೋರೇಜ್ ಕಾರ್ಡ್) ಬೇಕು. ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು ಇರಲಿ ಎನ್ನುವುದು ಸೋನಿಯ ಸಲಹೆ. ಜತೆಗೆ ಬಿಸಿ ಹೊರಹಾಕುವ ಲೋಹದ ಪಟ್ಟಿ, ಅಂದರೆ ಹೀಟ್‌ಸಿಂಕ್ ಇರಲೇಬೇಕು. ಸ್ವಿಚ್ 2ಕ್ಕೆ ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಆಗಬೇಕು, ಹಳೆಯ ಸ್ವಿಚ್‌ನ ಕಾರ್ಡಿನಲ್ಲಿ ಗೇಮ್ ಇಡಲಾಗದು.

ಸೇವ್ ಎಲ್ಲಿದೆ, ತಿಳಿದಿರಲಿ

ಎಕ್ಸ್‌ಬಾಕ್ಸ್‌ನವರು ನಿಶ್ಚಿಂತರು: ಇಂಟರ್‌ನೆಟ್ ಸಂಪರ್ಕವಿದ್ದರೆ ಸೇವ್ ತಾನಾಗಿಯೇ ಕ್ಲೌಡ್‌ಗೆ (ಕಂಪನಿಯ ಇಂಟರ್‌ನೆಟ್ ಸಂಗ್ರಹಕ್ಕೆ) ಹೋಗುತ್ತದೆ, ಚಂದಾ ಬೇಕಿಲ್ಲ. ಪಿಎಸ್5ರಲ್ಲಿ ಕ್ಲೌಡ್ ಬೇಕೆಂದರೆ ಪಿಎಸ್ ಪ್ಲಸ್ ಚಂದಾ ಕಟ್ಟಬೇಕು. ಪಿಎಸ್4 ಗೇಮ್‌ಗಳ ಸೇವ್ ಅನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಬಹುದು, ಪಿಎಸ್5 ಗೇಮ್‌ಗಳದ್ದನ್ನು ಹಾಗೆ ಬಿಡಿಬಿಡಿಯಾಗಿ ತೆಗೆಯಲು ಬಿಡುವುದಿಲ್ಲ. ಚಂದಾ ಇಲ್ಲದವರಿಗೆ ಉಳಿದ ದಾರಿ, ಸಿಸ್ಟಮ್ ಸೆಟ್ಟಿಂಗ್‌ನಲ್ಲಿರುವ ‘ಬ್ಯಾಕಪ್ ಅಂಡ್ ರಿಸ್ಟೋರ್’ ಮೂಲಕ ಕನ್ಸೋಲಿನ ಮಾಹಿತಿಯನ್ನು ಯುಎಸ್‌ಬಿ ಡ್ರೈವ್‌ಗೆ ತೆಗೆದಿಡುವುದು. ತುಸು ಹೊತ್ತು ಹಿಡಿಯುತ್ತದೆ, ಆದರೂ ದೊಡ್ಡ ಗೇಮ್ ಮುಗಿಸುವ ಹಂತದಲ್ಲಿದ್ದಾಗ ಮಾಡಿಟ್ಟುಕೊಳ್ಳುವುದು ವಾಸಿ.

ಸ್ವಿಚ್‌ನಲ್ಲಿ ಅನೇಕರು ಮೋಸಹೋಗುವ ಜಾಗವೊಂದಿದೆ. ಗೇಮ್ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿದ್ದರೂ ಸೇವ್ ಇರುವುದು ಕನ್ಸೋಲಿನ ಒಳಗೆ. ಕಾರ್ಡ್ ಜೋಪಾನವಾಗಿದೆ ಎಂದುಕೊಂಡು ಕನ್ಸೋಲ್ ರೀಸೆಟ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ. ಕ್ಲೌಡ್‌ಗೆ ಇಲ್ಲಿಯೂ ಚಂದಾ ಬೇಕು, ಅದರಲ್ಲೂ ಕೆಲವು ಗೇಮ್‌ಗಳಿಗೆ ಆ ಸೌಲಭ್ಯವೇ ಇಲ್ಲ.

ಗೇಮ್ ಅಳಿಸಿದರೆ ಸೇವ್ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಪಿಎಸ್5 ಅಥವಾ ಸ್ವಿಚ್‌ನಲ್ಲಿ ಬಳಕೆದಾರರ ಪ್ರೊಫೈಲನ್ನೇ ಅಳಿಸಿದರೆ ಆ ಯಂತ್ರದಲ್ಲಿದ್ದ ಅವರ ಸೇವ್‌ಗಳೂ ಹೋಗುತ್ತವೆ. ಇನ್ನು, ‘ಕ್ಲೌಡ್‌ನಲ್ಲಿರುವುದನ್ನು ಇಟ್ಟುಕೊಳ್ಳಲೇ, ಕನ್ಸೋಲ್‌ನಲ್ಲಿರುವುದನ್ನೇ’ ಎಂದು ಕೇಳಿದಾಗ ದಿನಾಂಕ, ಸಮಯ ನೋಡದೆ ಬಟನ್ ಒತ್ತಬೇಡಿ.

ಆರಿಸುವ ಕ್ರಮ

ಸ್ಲೀಪ್ ಅಥವಾ ರೆಸ್ಟ್ ಮೋಡ್‌ನಲ್ಲಿರುವ ಕನ್ಸೋಲ್ ಪೂರ್ತಿ ಆರಿರುವುದಿಲ್ಲ. ಪಿಎಸ್5ರಲ್ಲಿ ಕಿತ್ತಳೆ ದೀಪ ಉರಿಯುತ್ತಿದ್ದರೆ ಪ್ಲಗ್ ಕೀಳಬೇಡಿ. ಒಳಗೆ ಡೌನ್‌ಲೋಡ್ ಇಲ್ಲವೇ ಅಪ್‌ಡೇಟ್ ನಡೆಯುತ್ತಿರಬಹುದು, ಮಾಹಿತಿ ಕೆಡಬಹುದು. ಎಕ್ಸ್‌ಬಾಕ್ಸ್ ಸೀರೀಸ್‌ನಲ್ಲಿ ಸ್ಲೀಪ್ ಬದಲು ‘ಶಟ್‌ಡೌನ್’ ಆರಿಸಿದರೆ, ಬಳಸದಿರುವಾಗ ಖರ್ಚಾಗುವ ವಿದ್ಯುತ್ ಇಪ್ಪತ್ತನೇ ಒಂದು ಭಾಗದವರೆಗೂ ಇಳಿಯುತ್ತದೆ. ಗುಡುಗು ಸಿಡಿಲಿನ ಹೊತ್ತಿಗೆ ಸರಿಯಾಗಿ ಶಟ್‌ಡೌನ್ ಮಾಡಿ ಪ್ಲಗ್ ತೆಗೆದುಬಿಡಿ, ನೆಟ್‌ವರ್ಕ್ ಕೇಬಲ್ ಸಹಿತ.

ದೂಳು, ಕಂಟ್ರೋಲರ್

ಪೂರ್ತಿ ಆರಿಸಿ, ವೈರ್ ಕಿತ್ತು, ತಣ್ಣಗಾದ ಮೇಲೆ ಗಾಳಿಕಿಂಡಿಗಳನ್ನು ಮೆತ್ತನೆಯ ಬ್ರಷ್‌ನಿಂದ ಒರೆಸಿ. ಪಿಎಸ್5ರ ಪಕ್ಕದ ಹೊದಿಕೆ ತೆಗೆದರೆ ದೂಳು ಕೂರಲೆಂದೇ ಮಾಡಿದ ಕಿಂಡಿಗಳಿವೆ. ವ್ಯಾಕ್ಯೂಮನ್ನು ಕಡಿಮೆ ಶಕ್ತಿಯಲ್ಲಿಟ್ಟು ಎಳೆಯಿರಿ. ಅದಕ್ಕಿಂತ ಒಳಗೆ ಬಿಚ್ಚುವುದು ಬೇಡ, ಪ್ರೊಸೆಸರ್ ಮೇಲೆ ಅದರ ಬಿಸಿ ಹೊರಗೆಳೆಯಲು ಹಾಕಿದ ದ್ರವ ಲೋಹವಿದೆ.

ಮುಟ್ಟದಿದ್ದರೂ ಪಾತ್ರ ಒಂದೇ ಕಡೆ ಸರಿಯುತ್ತಿದ್ದರೆ ಅದು ಸ್ಟಿಕ್ ಡ್ರಿಫ್ಟ್, ಹೆಬ್ಬೆರಳಿನಿಂದ ಆಡಿಸುವ ಕಡ್ಡಿಯ (ಸ್ಟಿಕ್) ತೊಂದರೆ. ಒಳಗೆ ಉಜ್ಜಾಡುವ ಸಂಪರ್ಕ ಸವೆಯುವುದರಿಂದ, ದೂಳು ಸೇರುವುದರಿಂದ ಹೀಗಾಗುತ್ತದೆ. ಸ್ವಿಚ್‌ನ ಸೆಟ್ಟಿಂಗ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಶನ್ (ಸ್ಟಿಕ್ ಸರಿಹೊಂದಿಸುವ ಸೌಲಭ್ಯ) ಇದೆ, ಮೊದಲು ಅದನ್ನು ಮಾಡಿ. ಪಿಎಸ್5 ಕಂಟ್ರೋಲರ್ ಸಂಪರ್ಕ ತಪ್ಪುತ್ತಿದ್ದರೆ ಹಿಂಬದಿಯ ಪುಟ್ಟ ತೂತಿಗೆ ಪಿನ್ ಹಾಕಿ ಐದು ಸೆಕೆಂಡು ಒತ್ತಿ, ಬಳಿಕ ಕೇಬಲ್‌ನಿಂದ ಜೋಡಿಸಿ. ತಿಂಗಳುಗಟ್ಟಲೆ ಆಡದೆ ಇಡುವುದಾದರೆ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ಸೆಲ್ ತೆಗೆದಿಡಿ. ಸ್ವಿಚ್ಚನ್ನು ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ, ಇಲ್ಲದಿದ್ದರೆ ಬ್ಯಾಟರಿ ಮತ್ತೆ ಏಳದೇ ಹೋಗಬಹುದು.

ಮಾರುವಾಗ

ಕನ್ಸೋಲನ್ನು ಬೇರೆಯವರಿಗೆ ಕೊಡುವ ಮುನ್ನ ಸೇವ್‌ಗಳೆಲ್ಲ ಕ್ಲೌಡ್ ಮುಟ್ಟಿವೆಯೇ, ಇಲ್ಲವೇ ಬ್ಯಾಕಪ್ ಆಗಿದೆಯೇ ನೋಡಿ. ಪಿಎಸ್5ರಲ್ಲಿ ‘ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ’ ನಿಲ್ಲಿಸಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಡ್ರೈವ್‌ನಲ್ಲಿ ಡಿಸ್ಕ್ ಉಳಿದಿದ್ದರೆ ಅದನ್ನೂ ತೆಗೆಯಿರಿ.