ಕರುಳುಬೇನೆ ಲಸಿಕೆ: ಕೆಡದಂತೆ ತಂದು ಹಾಕಿಸುವ ಬಗೆ

ಕೊಡಗಿನಲ್ಲಿ ಮಳೆ ಹಿಡಿದು ಹೊಸ ಹುಲ್ಲು ಚಿಗುರಿದ ಮೇಲೆ, ಆಡು, ಕುರಿಗಳ ಹಿಂಡಿನಲ್ಲೇ ಮೈದುಂಬಿಕೊಂಡಿದ್ದ ಮರಿ ರಾತ್ರೋರಾತ್ರಿ ಸತ್ತುಬಿದ್ದರೆ ಹಾವು ಕಚ್ಚಿರಬೇಕೆನ್ನುವವರೇ ಹೆಚ್ಚು. ಅಂಥ ಸಾವಿಗೆ ಹಲವು ಸಲ ಕರುಳುಬೇನೆಯೇ ಕಾರಣ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ 'ಡಿ' ಬಗೆಯ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಆಡು, ಕುರಿಗಳ ಕರುಳಿನಲ್ಲೂ ಅಲ್ಪಸ್ವಲ್ಪ ಇರಬಹುದು. ಎಳೆ ಹುಲ್ಲನ್ನೋ ಮುಸುಕಿನ ಜೋಳವನ್ನೋ ಒಮ್ಮೆಲೇ ಹೆಚ್ಚು ತಿಂದಾಗ ಜೀರ್ಣವಾಗದ ಪಿಷ್ಟವು ಸಣ್ಣ ಕರುಳಿಗಿಳಿಯುತ್ತದೆ; ಅಲ್ಲಿ ಬ್ಯಾಕ್ಟೀರಿಯಾ ವಿಪರೀತ ಬೆಳೆದು ಎಪ್ಸಿಲಾನ್ ಎಂಬ ವಿಷವನ್ನು ಬಿಡುತ್ತದೆ. ಟ್ರಿಪ್ಸಿನ್ ಕಿಣ್ವದಿಂದ ಪ್ರಖರಗೊಂಡ ಈ ವಿಷವು ರಕ್ತಕ್ಕೆ ಸೇರಿ ಸಣ್ಣ ರಕ್ತನಾಳಗಳ ಒಳಪದರವನ್ನು ಹಾಳುಮಾಡುವುದರಿಂದ ಮಿದುಳು ಊದಿಕೊಂಡು, ಪ್ರಾಣಿಯು ಕತ್ತನ್ನು ಹಿಂದಕ್ಕೆ ಸೆಟೆದು ಒದ್ದಾಡುತ್ತದೆ. ರಕ್ತ ಸೇರಿದ ವಿಷವನ್ನು ಆ್ಯಂಟಿಬಯೋಟಿಕ್ ಇಳಿಸಲಾರದು. ಸಂತೆಯಲ್ಲಿ ಕರುಳುಬೇನೆಗೆಂದು ಮಾರುವ ಪುಡಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮೊದಲು, ಮೇ ತಿಂಗಳೊಳಗೇ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಲಸಿಕೆಯ ದಿನವನ್ನು ಗೊತ್ತುಮಾಡಿಕೊಳ್ಳಿ. ಜಂತುನಾಶಕವನ್ನು ಅದಕ್ಕಿಂತ ಮುಂಚೆಯೇ ಕುಡಿಸಿ ಮುಗಿಸಿರಿ.

ಕೆಲಸ ಕೆಡುವುದು ಲಸಿಕೆಯನ್ನು ತರುವ ದಾರಿಯಲ್ಲಿ. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು ಎಂದೊಡನೆ ಜನ ಬಿಸಿಲಿಗಷ್ಟೇ ಹೆದರುತ್ತಾರೆ, ಹೆಪ್ಪುಗಟ್ಟುವುದಕ್ಕೆ ಹೆದರುವುದಿಲ್ಲ. ಈ ಬಗೆಯ ಲಸಿಕೆಗಳಲ್ಲಿ ಸಾಮಾನ್ಯವಾಗಿ ಬೆರೆಸುವ ಅಲ್ಯೂಮಿನಿಯಂ ಲವಣವು ಹೆಪ್ಪುಗಟ್ಟಿದರೆ ಗಂಟುಗಟ್ಟುತ್ತದೆ, ಲಸಿಕೆಯ ಶಕ್ತಿ ಕುಂದುತ್ತದೆ. ಆದ್ದರಿಂದ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ಹಾಗೆಯೇ ಪೆಟ್ಟಿಗೆಗೆ ಹಾಕದೆ, ಮೈಮೇಲಿನ ಬಿಳಿ ಮಂಜು ಕರಗಿ, ಅಲುಗಾಡಿಸಿದಾಗ ಒಳಗೆ ನೀರು ತುಳುಕುವ ಸದ್ದು ಕೇಳುವವರೆಗೂ ಹೊರಗಿಡಿ. ಬಾಟಲಿಯನ್ನು ರಟ್ಟಿನಲ್ಲಿ ಸುತ್ತಿ, ಪ್ಯಾಕಿಗೆ ತಾಗದಂತೆ ನಡುವೆ ನಿಲ್ಲಿಸಿ. ತೆಳು ಥರ್ಮಾಕೋಲ್ ಡಬ್ಬಿ ಬೇಡ, ಗಟ್ಟಿ ಮುಚ್ಚಳದ ಲಸಿಕೆ ಪೆಟ್ಟಿಗೆಯೇ ಆಗಬೇಕು. ಕುಶಾಲನಗರದಿಂದ ಸೋಮವಾರಪೇಟೆಯ ಕಡೆಯ ತೋಟಕ್ಕೆ ಒಯ್ಯುವಾಗ ಪೆಟ್ಟಿಗೆಯನ್ನು ಜೀಪಿನ ಎಂಜಿನ್ ಬಳಿ ಇಡಬಾರದು. ಮಳೆಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ನಮ್ಮಲ್ಲಿ ಲಸಿಕೆಯನ್ನು ಮನೆಯ ಫ್ರಿಜ್‌ನಲ್ಲಿ ಕೂಡಿಡುವುದನ್ನು ನಾನು ಒಪ್ಪುವುದಿಲ್ಲ. ತಂದ ದಿನವೇ ಹಾಕಿಸಿ ಮುಗಿಸಬೇಕು. ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಕಲಕಿದ ಮೇಲೂ ಚೂರುಗಳು ತಳಕ್ಕಿಳಿದರೆ ಅದನ್ನು ಬಳಸಬೇಡಿ.

ಪಶುವೈದ್ಯರು ಲೇಬಲ್ಲಿನ ಪ್ರಮಾಣದಂತೆ ಚರ್ಮದ ಕೆಳಗೆ ಚುಚ್ಚುತ್ತಾರೆ. ಫಾರ್ಮಾಲಿನ್‌ನಿಂದ ನಂಜಳಿಸಿದ ವಿಷವೇ ಈ ಲಸಿಕೆಯ ತಿರುಳು; ಈ ವಿಧಾನವನ್ನು ಫ್ರಾನ್ಸಿನ ಪಶುವೈದ್ಯ ಗಾಸ್ಟನ್ ರಾಮೋನ್ 1920ರ ದಶಕದಲ್ಲಿ ರೂಪಿಸಿದರು. ಚುಚ್ಚಿದ ಜಾಗದಲ್ಲಿ ಸಣ್ಣ ಗಂಟೆದ್ದರೆ ಗಾಬರಿಪಟ್ಟು ಹಿಸುಕಬೇಡಿ.

ಮೊದಲ ಸಲ ಲಸಿಕೆ ಪಡೆಯುವ ಪ್ರಾಣಿಗೆ ಒಂದೇ ಚುಚ್ಚುಮದ್ದು ಸಾಲದು. ಎರಡು ಮೂರು ವಾರಗಳಲ್ಲಿ ಎರಡನೆಯದನ್ನು ಹಾಕಿಸಿ. ಆಡುಗಳಲ್ಲಿ ರಕ್ಷಣೆ ಬೇಗ ಇಳಿಯುವುದರಿಂದ ವರ್ಷಕ್ಕೊಮ್ಮೆಯಷ್ಟೇ ಸಾಕೆಂದು ಕೂರದೆ, ಆರು ತಿಂಗಳ ಡೋಸ್ ಬೇಕೇ ಎಂದು ವೈದ್ಯರನ್ನು ಕೇಳಿ. ಗಬ್ಬದ ಆಡಿಗೆ ಈಯುವ ನಾಲ್ಕರಿಂದ ಆರು ವಾರ ಮೊದಲು ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಲಸಿಕೆಯಾದ ಮೇಲೂ ಜೋಳವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಮಳೆಯ ಎಳೆ ಹುಲ್ಲಿಗೆ ಬಿಡುವ ಮುನ್ನ ಒಣಹುಲ್ಲು ತಿನ್ನಿಸಿ.