ನವನಗರದಲ್ಲಿ ಕಟ್ಟೆ ಹಾಕಿಸಿದ್ದು

ನಾನು ಬಾಗಲಕೋಟೆಯಲ್ಲಿ ಫಿಸಿಯೋಥೆರಪಿಸ್ಟ್. ಮೊಣಕಾಲು ಸವೆದವರು, ಸೊಂಟದ ಆಪರೇಷನ್ ಆದವರು ಇರುವ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. "ದಿನಾ ಸ್ವಲ್ಪ ಹೊರಗೆ ನಡೀರಿ" ಅಂದರೆ ನವನಗರದ ಹಿರಿಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಡೀತೀನ್ರಿ, ನಡುವ ಕಾಲು ಸೋತ್ರ ಕುಂದ್ರೋದೆಲ್ಲಿ?"

ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಊರಿನ ಭಾಗ ಮುಳುಗಡೆಯಾಗಿ ಜನ ಇಲ್ಲಿಗೆ ಬಂದರು. ಇದು ಸೆಕ್ಟರ್ ಲೆಕ್ಕದಲ್ಲಿ ಕಟ್ಟಿದ ಊರು, ರಸ್ತೆಗಳು ಅಗಲ. ಆದರೆ ಹಳೇ ಓಣಿಯಲ್ಲಿ ಮನೆ ಮುಂದೆ ಕಟ್ಟೆ ಇದ್ದ ಜಾಗಕ್ಕೆ ಇಲ್ಲಿ ಕಾಂಪೌಂಡ್ ಗೋಡೆ ಬಂದಿದೆ. ಪಾರ್ಕಿನಲ್ಲಿ ಬೆಂಚು ಇರುತ್ತದೆ, ನಿಜ. ಪಾರ್ಕಿನ ತನಕ ನಡೆಯಬಲ್ಲವರಿಗೆ ಬೆಂಚಿನ ಚಿಂತೆ ಅಷ್ಟಿಲ್ಲ, ಅಲ್ವಾ?

ಹಾಗಾಗಿ ಒಬ್ಬ ಆಯಿಯ ಜೊತೆ ಅವರ ಮನೆಯಿಂದ ಹಾಲಿನ ಅಂಗಡಿಗೆ ಸುಮ್ನೆ ನಡೆದೆ. ಅವರು ನಿಂತು ಗೋಡೆ ಹಿಡಿದ ಕಡೆಯೆಲ್ಲ ಗುರುತು ಮಾಡಿಕೊಂಡೆ. ಆಮೇಲೆ ಆ ಗೋಡೆಯ ಮಾಲೀಕರನ್ನೇ ಕೇಳಿದೆ: ಗೇಟಿನ ಪಕ್ಕ ಗೋಡೆಯನ್ನು ಎರಡು ಅಡಿ ಒಳಗೆ ತೆಗೆದುಕೊಳ್ಳಿ, ಅಲ್ಲಿ ಕಟ್ಟೆ ಮಾಡೋಣ. ಜಾಗ ಅವರ ಸೈಟಿನದೇ, ರಸ್ತೆಯನ್ನು ಮುಟ್ಟುವುದಿಲ್ಲ. "ಹುಡುಗ್ರು ಬಂದು ಗುಟ್ಕಾ ಉಗುಳ್ತಾರ್ರಿ" ಅಂತ ಕೆಲವರು ಒಪ್ಪಲಿಲ್ಲ. ಅವರ ಮಾತೂ ಸುಳ್ಳಲ್ಲ. ಒಪ್ಪಿದವರ ಮನೆ ಮುಂದೆ ಇಬ್ಬರು ಕೂರುವಷ್ಟೇ ಉದ್ದ ಇಟ್ಟೆವು. ದೊಡ್ಡ ಗುಂಪು ಸೇರುವುದಿಲ್ಲ, ಯಾರೂ ಮಲಗುವುದಿಲ್ಲ.

ಗೌಂಡಿಗೆ ಹೇಳಬೇಕಾದ್ದು ಜಾಸ್ತಿ ಇತ್ತು. ಎತ್ತರ 18 ಇಂಚು. ಅದಕ್ಕಿಂತ ತಗ್ಗಾದರೆ ಏಳುವಾಗ ಮೊಣಕಾಲಿನ ಮೇಲೆ ಭಾರ ಬೀಳುತ್ತದೆ. ಎರಡೂ ಬದಿಗೆ ಕೈ ಊರಲು ಆಸರೆ ಬೇಕು. ಮುಖ್ಯವಾದದ್ದು ಕಟ್ಟೆಯ ಕೆಳಗಿನ ಜಾಗ. ಕುರ್ಚಿಯಿಂದ ಏಳುವಾಗ ನಾವು ಗೊತ್ತಿಲ್ಲದೇ ಪಾದವನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಕಟ್ಟೆಯ ಮುಂಭಾಗವನ್ನು ನೆಲದ ತನಕ ನೇರ ಕಟ್ಟಿಬಿಟ್ಟರೆ ಪಾದಕ್ಕೆ ಜಾಗವೇ ಇಲ್ಲ, ಏಳಲು ಇನ್ನೊಬ್ಬರ ಕೈ ಬೇಕು. ಅದಕ್ಕೆ ಕಟ್ಟೆಯ ಮೇಲೆ ಹಾಸುವ ಫರ್ಸಿ ಕಲ್ಲನ್ನು ನಾಲ್ಕು ಇಂಚು ಮುಂದಕ್ಕೆ ಚಾಚಿಸಿದೆ. "ಇದೇನ್ರಿ, ಮನಿ ಸಜ್ಜಾ ಇದ್ದಂಗ ಐತಿ" ಅಂತ ಗೌಂಡಿ ನಕ್ಕ. ಕೂತು ಎದ್ದು ನೋಡಿದ ಮೇಲೆ ತಾನೇ ಮುಂದಿನದಕ್ಕೂ ಹಾಗೇ ಅಳತೆ ಹಾಕಿದ.

ನೆರಳಿನ ಲೆಕ್ಕವನ್ನೂ ಬಿಡುವಂತಿಲ್ಲ. ನಮ್ಮ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ, ಕಾದ ಕಲ್ಲಿನ ಮೇಲೆ ಯಾರು ಕೂರುತ್ತಾರೆ? ಹಿರಿಯರು ಹೆಚ್ಚಾಗಿ ಹೊರಬೀಳುವುದು ಸಂಜೆ. ಆಗ ಬೇವಿನ ಗಿಡದ ನೆರಳು ಪೂರ್ವಕ್ಕೆ ಬೀಳುತ್ತದೆ. ಕಟ್ಟೆ ಗಿಡದ ಪೂರ್ವಕ್ಕಿದ್ದರೆ ಒಳ್ಳೆಯದು.

ಗುಡಿಯ ಮೆಟ್ಟಿಲಿಗೆ ಇಳಿಜಾರು ಮಾಡಿಸಿ ಅಂತ ಕೆಲವರು ಕೇಳಿದರು. ಗಾಲಿಕುರ್ಚಿಗೆ ಒಂದು ಅಡಿ ಎತ್ತರ ಹತ್ತಲು 12 ಅಡಿ ಉದ್ದದ ಇಳಿಜಾರು ಬೇಕು. ಅಷ್ಟು ಜಾಗ ಅಲ್ಲಿರಲಿಲ್ಲ. ಕಡಿದಾಗಿ ಮಾಡಿದರೆ ಜಾರುಬಂಡೆ ಆಗುತ್ತದೆ. ಅದರ ಬದಲು ಮೆಟ್ಟಿಲಿನ ಎರಡೂ ಬದಿಗೆ ಹಿಡಿದು ಹತ್ತಲು ಒಂದೂವರೆ ಇಂಚಿನ ಪೈಪು ಹಾಕಿಸಿದೆವು, ಅದು ಮುಷ್ಟಿಯಲ್ಲಿ ಸರಿಯಾಗಿ ಕೂರುತ್ತದೆ.

ಈಗ ಉಳಿದಿರುವ ದೊಡ್ಡ ತೊಂದರೆ ಶೌಚಾಲಯ. ಬಿಪಿಗೆ ನೀರು ಹೋಗುವ ಗುಳಿಗೆ ನುಂಗುವವರು, ಸಕ್ಕರೆ ಕಾಯಿಲೆಯವರು ಅದರ ಹೆದರಿಕೆಗೇ ಮನೆ ಬಿಡುವುದಿಲ್ಲ. ಹೆಣ್ಣುಮಕ್ಕಳಂತೂ ಹೊರಡುವ ಮುಂಚೆ ನೀರನ್ನೇ ಕುಡಿಯುವುದಿಲ್ಲ. ಹಾಲಿನ ಅಂಗಡಿಯವರು ತಮ್ಮ ಹಿತ್ತಲಿನದನ್ನು ಹಿರಿಯರಿಗೆ ಬಿಟ್ಟುಕೊಟ್ಟಿದ್ದಾರೆ. ಇನ್ನೊಂದು ಬದಿಯ ರಸ್ತೆಯಲ್ಲಿ ಒಪ್ಪುವ ಅಂಗಡಿ ಹುಡುಕುತ್ತಿದ್ದೇನೆ.