ಪ್ರಿಂಟ್‌ಎಫ್ ಇಲ್ಲದೆ ಸಂಖ್ಯೆ ತೋರಿಸುವುದು ಹೇಗೆ?

ಕಾರವಾರದಿಂದ ಭಟ್ಕಳಕ್ಕೆ ಹೋಗುವ ನಮ್ಮ ರಾಷ್ಟ್ರೀಯ ಹೆದ್ದಾರಿಯ ನಂಬರ್ 66. ಕಂಪ್ಯೂಟರಿನ ಸಿ ಭಾಷೆ ಕಲಿಯಲು ಬರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇಷ್ಟೇ: ಸಂಖ್ಯೆಯನ್ನು ಅಂಕಿಗಳಾಗಿ ಮಾಡಿ ತಾನೇ ತೋರಿಸುವ ಪ್ರಿಂಟ್‌ಎಫ್ ಮುಟ್ಟಬೇಡಿ, ಕೊಟ್ಟ ಬೈಟ್‌ಗಳನ್ನು ಹಾಗೇ ಕಳಿಸುವ ರೈಟ್ ಫಂಕ್ಷನ್ ಮಾತ್ರ ಬಳಸಿ ಈ 66ನ್ನು ಪರದೆಯ ಮೇಲೆ ತನ್ನಿ. ಎಲ್ಲರೂ ಎನ್ = 66 ಎಂದಿಟ್ಟು ರೈಟ್(1, &ಎನ್, 1) ಎಂದು ಬರೆಯುತ್ತಾರೆ. ಮೊದಲ 1 ಎಂದರೆ ಪರದೆ, ನಡುವಿನದು ಎನ್ ಇರುವ ಜಾಗ, ಕೊನೆಯ 1 ಎಂದರೆ ಒಂದು ಬೈಟ್. ಆದರೆ ಪರದೆಯಲ್ಲಿ ಮೂಡುವುದು ಇಂಗ್ಲಿಷಿನ ದೊಡ್ಡ ‘ಬಿ’. ಅದೇ ಹೆದ್ದಾರಿಯ ಹಳೇ ನಂಬರ್ 17 ಹಾಕಿದರೆ ಏನೂ ಕಾಣುವುದಿಲ್ಲ.

ರೈಟ್‌ಗೆ ಸಂಖ್ಯೆ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿರುವ ಆಸ್ಕಿ ಪಟ್ಟಿಯಲ್ಲಿ 66 ಅಂದರೆ ಬಿ. 17 ಕಣ್ಣಿಗೆ ಕಾಣದ ಸಂಕೇತ. ಅಂಕಿಗಳು ಅಲ್ಲಿ 48ರಿಂದ 57ರವರೆಗೆ ಸಾಲಾಗಿ ಕೂತಿವೆ. ಹಾಗಾಗಿ ಒಂದೊಂದೇ ಅಂಕಿಯನ್ನು ಬಿಡಿಸಿಕೊಂಡು ಅದಕ್ಕೆ '0' ಕೂಡಿಸಬೇಕು. 48 ಎಂದು ಬರೆದರೂ ನಡೆಯುತ್ತದೆ, ಆದರೆ '0' ಎಂದೇ ಬರೆಯಿರಿ. ನಾಳೆ ಓದುವವರಿಗೆ ತಟ್ಟನೆ ತಿಳಿಯುತ್ತದೆ.

ಬಿಡಿಸುವುದು ಶಾಲೆಯ ಭಾಗಾಕಾರವೇ. ಜೋಗದ ಎತ್ತರ 253 ಮೀಟರ್ ತೆಗೆದುಕೊಳ್ಳಿ. 10ರಿಂದ ಭಾಗಿಸಿದರೆ ಶೇಷ 3, ಉಳಿದದ್ದು 25. ಮತ್ತೆ ಭಾಗಿಸಿದರೆ ಶೇಷ 5, ಆಮೇಲೆ 2. ಬಂದ ಹಾಗೇ ಪರದೆಗೆ ಕಳಿಸಿದರೆ ಜೋಗ 352 ಮೀಟರ್ ಆಗಿಬಿಡುತ್ತದೆ! ಅದಕ್ಕೇ 12 ಮನೆಗಳ ಕ್ಯಾರ್ ಅರೇ (ಮನೆಗೊಂದು ಅಕ್ಷರ ಇಡುವ ಸಾಲು) ಮಾಡಿಕೊಂಡು, ಕೊನೆಯಿಂದ ಹಿಂದಕ್ಕೆ ತುಂಬುತ್ತಾ ಬನ್ನಿ. 32 ಬಿಟ್ಟಿನ ಇಂಟ್‌ಗೆ, ಅಂದರೆ ಸಿ ಭಾಷೆಯ ಪೂರ್ಣಾಂಕಕ್ಕೆ, ಹೆಚ್ಚೆಂದರೆ 10 ಅಂಕಿ, ಒಂದು ಮೈನಸ್, ಜಾಗ ಸಾಕು. ತುಂಬಿದ ಮೇಲೆ ಒಂದೇ ಸಲ ರೈಟ್ ಕರೆಯಿರಿ. ಪ್ರತಿ ಅಂಕಿಗೂ ಕರೆದರೆ ಪ್ರತಿ ಸಲವೂ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ವರೆಗೆ ಹೋಗಿ ಬರಬೇಕು, ತೋಟದಿಂದ ಅಡಿಕೆಯನ್ನು ಒಂದೊಂದೇ ಮನೆಗೆ ಹೊತ್ತ ಹಾಗೆ.

ಈ ಭಾಗಾಕಾರವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್‌ಗೆ ಡು-ವೈಲ್ ಬಳಸಿ, ಅದು ಮೊದಲು ಕೆಲಸ ಮಾಡಿ ಆಮೇಲೆ ‘ಸಂಖ್ಯೆ ಸೊನ್ನೆಯಾಯಿತೇ’ ಎಂದು ನೋಡುತ್ತದೆ. ಬರೀ ವೈಲ್ ಮೊದಲೇ ನೋಡುವುದರಿಂದ ಸೊನ್ನೆ ಕೊಟ್ಟಾಗ ಒಳಗೇ ಹೋಗುವುದಿಲ್ಲ, ಪರದೆ ಖಾಲಿ.

ಇನ್ನು ಋಣ ಸಂಖ್ಯೆ. ಮಳೆಗಾಲದಲ್ಲಿ ಸೊಸೈಟಿ ಖಾತೆ ಮೈನಸ್‌ಗೆ ಇಳಿಯುವುದು ಶಿರಸಿಯ ತೋಟದ ಮನೆಯವರಿಗೆ ಹೊಸದಲ್ಲ. ಪ್ರೋಗ್ರಾಮ್ ಅದನ್ನೂ ಸರಿಯಾಗಿ ತೋರಿಸಬೇಕು. ಮೊದಲು '-' ಬರೆದು, ಸಂಖ್ಯೆಯನ್ನು ಧನ ಮಾಡಿಕೊಳ್ಳುವುದು ಎಲ್ಲರ ದಾರಿ. -253ಕ್ಕೆ ಅದು ಸರಿ. -2147483648 ಕೊಟ್ಟಾಗ ನಮ್ಮ ಲ್ಯಾಬಿನ ಯಂತ್ರದಲ್ಲಿ ಬಂದದ್ದು ಇದು:

-./,),(-*,(

ಇಂಟ್‌ನಲ್ಲಿ ಹಿಡಿಸುವ ದೊಡ್ಡ ಧನ ಸಂಖ್ಯೆ 2147483647. ಇನ್ನೊಂದಕ್ಕೆ ಜಾಗವೇ ಇಲ್ಲ. ಇಂಥ ಕಡೆ ಏನಾಗಬೇಕೆಂದು ಸಿ ಭಾಷೆ ಹೇಳುವುದೇ ಇಲ್ಲ. ಇಲ್ಲಿ ಸಂಖ್ಯೆ ಋಣವಾಗಿಯೇ ಉಳಿಯಿತು, ಶೇಷಗಳೂ ಋಣವಾದವು. 48ಕ್ಕೆ -8 ಕೂಡಿಸಿದರೆ 40, ಅಂದರೆ ಆವರಣ ಚಿಹ್ನೆ.

ನನಗೆ ಹಿಡಿಸಿದ ಪರಿಹಾರ: ಧನ ಮಾಡಲೇ ಬೇಡಿ. ಸಿ ಭಾಷೆಯ 1999ರ ಆವೃತ್ತಿಯಾದ ಸಿ99ರಿಂದ ಈಚೆಗೆ ಋಣ ಸಂಖ್ಯೆಯ ಶೇಷ ಋಣವಾಗಿಯೇ ಅಥವಾ ಸೊನ್ನೆಯಾಗಿ ಬರುತ್ತದೆ. ಆಗ '0'ಗೆ ಕೂಡಿಸುವ ಬದಲು '0'ಯಿಂದ ಶೇಷವನ್ನು ಕಳೆಯಿರಿ, ಅಂಕಿಗಳೆಲ್ಲ ತುಂಬಿದ ಮೇಲೆ ಅವುಗಳ ಮುಂದಿನ ಮನೆಯಲ್ಲಿ ಮೈನಸ್ಸನ್ನು ಸೇರಿಸಿ. ಬರೆದಾದ ಮೇಲೆ 0, 253, -253, 2147483647, -2147483648, ಈ ಐದನ್ನೂ ಕೊಟ್ಟು ನೋಡಿ.